ಆರ್ಟ್ ಥೆರಪಿಗೆ ಮೊದಲು ಶಾಲೆಗೊಬ್ಬ ಡ್ರಾಯಿಂಗ್ ಟೀಚರ್ ಕೊಡಿ

ಇತ್ತೀಚೆಗೆ ನನ್ನ ವಾಟ್ಸಾಪಿಗೆ ಒಂದರ ಹಿಂದೆ ಒಂದು ಪೋಸ್ಟರ್ ಬರುತ್ತಿದೆ. ಶನಿವಾರ, ಭಾನುವಾರ ಎರಡು ದಿನದ ಆರ್ಟ್ ಥೆರಪಿ ಕೋರ್ಸ್, ಅಂದರೆ ಚಿತ್ರ ಬಿಡಿಸಿಕೊಂಡು ಮನಸ್ಸಿಗೆ ಚಿಕಿತ್ಸೆ ಕೊಡುವ ವಿದ್ಯೆ. ಬಣ್ಣ, ಬ್ರಶ್, ಊಟ ಎಲ್ಲ ಅವರದೇ. ಕೊನೆಗೆ ಸರ್ಟಿಫಿಕೇಟ್. ಅದನ್ನು ನೋಡಿದ ಪರಿಚಯದವರು ನನ್ನನ್ನು ಕೇಳುತ್ತಾರೆ, "ಟೀಚರ್, ನಮ್ಮ ಹುಡುಗನಿಗೆ ಸಿಟ್ಟು ಜಾಸ್ತಿ. ಆರ್ಟ್ ಥೆರಪಿ ಕೊಡಿಸಿದ್ರೆ ಆಗ್ತದಾ?" ನಾನು ತಿರುಗಿ ಕೇಳುತ್ತೇನೆ: ಶಾಲೆಯಲ್ಲಿ ಅವನಿಗೆ ಡ್ರಾಯಿಂಗ್ ಪೀರಿಯಡ್ ಉಂಟಾ? ಹೆಚ್ಚಿನವರ ಉತ್ತರ ಒಂದೇ. ಟೈಮ್ ಟೇಬಲಿನಲ್ಲಿ ಉಂಟು, ಆದರೆ ಆ ಹೊತ್ತಿಗೆ ಗಣಿತ ಮಾಡುತ್ತಾರೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಚಿತ್ರ ಬಿಡಿಸುವುದರಿಂದ ನೊಂದ ಮನಸ್ಸಿಗೆ ಆಸರೆ ಸಿಗುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಎಷ್ಟೋ ಮಂದಿ ಕ್ಲಾಸಿನಲ್ಲಿ ನಿಂತು ಪಾಠ ಮಾಡಿದ ಟೀಚರುಗಳು. ಇವತ್ತು ನಾವು ಆ ಕ್ಲಾಸನ್ನು ಮುಚ್ಚಿ, ಅದರಲ್ಲಿದ್ದದ್ದನ್ನು ಹೊರಗೆ ದುಡ್ಡು ಕೊಟ್ಟು ಕೊಂಡುಕೊಳ್ಳಲು ಹೊರಟಿದ್ದೇವೆ. ಇದು ಸರಿಯಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಸರಕಾರಿ ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಪುತ್ತೂರು ಕಡೆಯವಳು. ನನ್ನ ಕೆಲಸದ ಬಗ್ಗೆ ಯೋಚಿಸುವಾಗಲೆಲ್ಲ ಇಬ್ಬರು ಹೆಂಗಸರು ನೆನಪಾಗುತ್ತಾರೆ. ಒಬ್ಬರು ಇನ್ನೊಬ್ಬರಿಗೆ ಗುರು. ಇಬ್ಬರೂ ಆಸ್ಟ್ರಿಯಾದ ವಿಯೆನ್ನಾದಲ್ಲಿ ಹುಟ್ಟಿದವರು.

ಗುರುವಿನ ಹೆಸರು ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್. ಹುಟ್ಟಿದ್ದು 1898ರಲ್ಲಿ, ಯಹೂದಿ ಕುಟುಂಬದಲ್ಲಿ. ತೀರಾ ಚಿಕ್ಕಂದಿನಲ್ಲೇ ತಾಯಿ ಹೋದರು. ತಂದೆಗೆ ಸ್ಟೇಷನರಿ ಅಂಗಡಿಯಲ್ಲಿ ಕೆಲಸ. ಫ್ರೀಡ್ಲ್ ಮೊದಲು ಫೋಟೊಗ್ರಫಿ ಕಲಿತರು, ಆಮೇಲೆ ಬಟ್ಟೆಯ ಕೆಲಸ. ಮಕ್ಕಳ ಚಿತ್ರಕ್ಕೆ ಅದರದ್ದೇ ಬೆಲೆ ಉಂಟು ಎಂದು ವಿಯೆನ್ನಾದಲ್ಲಿ ಮಕ್ಕಳಿಗೇ ಕ್ಲಾಸು ನಡೆಸುತ್ತಿದ್ದ ಫ್ರಾಂಜ್ ಚಿಜೆಕ್ ಅವರ ಹತ್ತಿರವೂ ಕಲಿತರು. ನಂತರ ಯೊಹಾನೆಸ್ ಇಟ್ಟೆನ್ ಎಂಬ ಮೇಷ್ಟರ ಶಿಷ್ಯೆಯಾದರು. 1919ರಲ್ಲಿ ಇಟ್ಟೆನ್ ಜರ್ಮನಿಯ ವೈಮಾರಿಗೆ, ಆಗಷ್ಟೇ ಶುರುವಾಗಿದ್ದ ಬೌಹೌಸ್ ಕಲಾಶಾಲೆಗೆ ಹೋದಾಗ ಇವರೂ ಜೊತೆಗೆ ಹೋದರು. ನಾಲ್ಕು ವರ್ಷ ಅಲ್ಲಿದ್ದರು.

ಇಟ್ಟೆನ್ ಅವರ ಕ್ಲಾಸು ಶುರುವಾಗುತ್ತಿದ್ದದ್ದು ಮೈ ಸಡಿಲ ಮಾಡುವ ವ್ಯಾಯಾಮದಿಂದ, ಉಸಿರಾಟದಿಂದ. ಗೆರೆ ಎಳೆಯುವುದು ಬೆರಳಲ್ಲ, ಇಡೀ ಮೈ ಎಂಬುದು ಅವರ ನಂಬಿಕೆ. ಒಂದು ಮುಳ್ಳುಗಿಡ ಬಿಡಿಸಬೇಕಾದರೆ ಮೊದಲು ಅದರ ಚುಚ್ಚು ಕೈಗೆ ಗೊತ್ತಾಗಬೇಕು. ಈಗ ನಾವು ಸಮಗ್ರ ಶಿಕ್ಷಣ ಅಂತ ದೊಡ್ಡ ಮಾತಾಡುತ್ತೇವಲ್ಲ, ಮೈ, ಮನಸ್ಸು, ಕೈ, ಬುದ್ಧಿ ಎಲ್ಲ ಒಟ್ಟಿಗೆ ಕಲಿಯಬೇಕು ಅಂತ, ಅದನ್ನು ಅವರು ನೂರು ವರ್ಷದ ಹಿಂದೆ ದಿನದ ಕ್ಲಾಸಿನಲ್ಲಿ ಮಾಡುತ್ತಿದ್ದರು.

ವಿಯೆನ್ನಾಕ್ಕೆ ಮರಳಿದ ಫ್ರೀಡ್ಲ್ ಗೆಳೆಯನ ಜೊತೆ ಸ್ಟುಡಿಯೊ ಮಾಡಿದರು. ಮನೆಗಳಿಗೆ ಒಳಾಂಗಣ, ಪೀಠೋಪಕರಣ, ಒಂದು ಮಾಂಟೆಸ್ಸೊರಿ ಶಿಶುವಿಹಾರದ ವಿನ್ಯಾಸ ಕೂಡ. 1930ರ ದಶಕದ ಆರಂಭದಲ್ಲಿ ಶಿಶುವಿಹಾರದ ಟೀಚರುಗಳಿಗೆ ಚಿತ್ರ ಕಲಿಸಲು ಶುರುಮಾಡಿದರು. ಇದನ್ನು ಗಮನಿಸಿ. ಮುಂದೆ ನಿರಾಶ್ರಿತ ಮಕ್ಕಳಿಗೆ ಕಲಿಸುವ ಮೊದಲೇ ಅವರು ದೊಡ್ಡವರಿಗೆ ಕಲಿಸಿದ್ದರು. 1934ರಲ್ಲಿ ಕಮ್ಯುನಿಸ್ಟ್ ಚಟುವಟಿಕೆಗಾಗಿ ಜೈಲಾಯಿತು. ಬಿಡುಗಡೆಯಾದ ಮೇಲೆ ಚೆಕೊಸ್ಲೊವಾಕಿಯಾದ ಪ್ರಾಗಿಗೆ ಹೋದರು. ಅಲ್ಲಿ ಹಿಟ್ಲರನ ಕಾಟಕ್ಕೆ ಓಡಿಬಂದ ಕುಟುಂಬಗಳ ಮಕ್ಕಳಿಗೆ ಚಿತ್ರ ಹೇಳಿಕೊಟ್ಟರು. ಆ ಮಕ್ಕಳ ಜೊತೆ ಸಹಾಯಕ್ಕೆ ನಿಂತದ್ದು ಒಬ್ಬ ತರುಣಿ, ಈಡಿತ್ ಕ್ರೇಮರ್. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಫ್ರೀಡ್ಲ್‌ಗೆ ಪ್ಯಾಲೆಸ್ತೀನಿಗೆ ಹೋಗುವ ವೀಸಾ ಸಿಕ್ಕಿತ್ತು. ಗಂಡ ಪಾವೆಲ್‌ಗೆ ಸಿಗಲಿಲ್ಲ. ಹಾಗಾಗಿ ಹೋಗಲಿಲ್ಲ. 1942ರ ಡಿಸೆಂಬರಿನಲ್ಲಿ ಇಬ್ಬರನ್ನೂ ಟೆರೆಜಿನ್ ಎಂಬಲ್ಲಿಗೆ ಸಾಗಿಸಿದರು. ಅದು ಪ್ರಾಗಿಗೆ ಹತ್ತಿರದ ಹಳೇ ಕೋಟೆ ಊರು. ನಾಜಿಗಳು ಅದನ್ನು ಯಹೂದಿಗಳನ್ನು ಕೂಡಿಹಾಕುವ ಜಾಗ ಮಾಡಿಕೊಂಡಿದ್ದರು. ಒಬ್ಬರಿಗೆ 50 ಕೆ.ಜಿ. ಸಾಮಾನು ಮಾತ್ರ. ಆ 50 ಕೆ.ಜಿ.ಯಲ್ಲಿ ಫ್ರೀಡ್ಲ್ ಚಿತ್ರದ ಸಾಮಾನು ತುಂಬಿಸಿಕೊಂಡರು. ಚಳಿಗಾಲದ ಡಿಸೆಂಬರ್. ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಗೊತ್ತಿಲ್ಲ. ಏನು ಬಿಡುವುದು, ಏನು ಕಟ್ಟುವುದು ಎಂದು ಯೋಚಿಸುವಾಗ ಆ ಟೀಚರಿಗೆ ಮಕ್ಕಳು ನೆನಪಾದರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಟೆರೆಜಿನ್‌ನಲ್ಲಿ ಮಕ್ಕಳಿಗೆ ಪಾಠ ಹೇಳುವುದಕ್ಕೆ ನಿಷೇಧ. ಚಿತ್ರ, ಕೈಕೆಲಸಕ್ಕೆ ಮಾತ್ರ ಅನುಮತಿ. ಎಲ್-410 ಎಂಬ ನಂಬರಿನ ಕಟ್ಟಡದಲ್ಲಿ ಹುಡುಗಿಯರನ್ನು ಇಟ್ಟಿದ್ದರು. ಅಲ್ಲಿ ಫ್ರೀಡ್ಲ್ ಕ್ಲಾಸು ಮಾಡುತ್ತಿದ್ದರು. ಕಾಗದ ಎಲ್ಲಿಂದ ಬರಬೇಕು? ಆಫೀಸಿನ ಹಳೇ ಫಾರಂಗಳ ಹಿಂಭಾಗ. ಪ್ಯಾಕಿಂಗ್ ಕಾಗದ. ಬಣ್ಣ ಮುಗಿದರೆ ಆ ಕಾಗದದ ಚೂರುಗಳನ್ನೇ ಕತ್ತರಿಸಿ ಅಂಟಿಸುವ ಕೊಲಾಜ್. ಇಂದಿಗೂ ಕೆಲವು ಚಿತ್ರಗಳಲ್ಲಿ ಅಚ್ಚಾದ ಫಾರಂನ ಗೆರೆಗಳು ಕಾಣುತ್ತವೆ. ಆ ಗೆರೆಗಳ ನಡುವೆಯೇ ಒಂದು ಹೂವಿನ ಕುಂಡ, ಒಂದು ಕಿಟಕಿ.

ಕ್ಲಾಸು ಅಂದರೆ "ಏನು ಬೇಕಾದ್ರೂ ಬಿಡಿಸಿ" ಅಂತ ಬಿಟ್ಟುಬಿಡುವುದಾಗಿರಲಿಲ್ಲ. ಇದು ಬಹಳ ಮುಖ್ಯ. ಇಟ್ಟೆನ್‌ನಿಂದ ಕಲಿತ ಲಯದ ವ್ಯಾಯಾಮ ಮಾಡಿಸುತ್ತಿದ್ದರು. ದೊಡ್ಡ ಕಲಾವಿದರ ಚಿತ್ರ ತೋರಿಸಿ, ಅದರಲ್ಲಿ ಬೆಳಕು ಎಲ್ಲಿದೆ, ಕತ್ತಲೆ ಎಲ್ಲಿದೆ ಎಂದು ಹುಡುಕಿಸಿ ಕಾಗದದ ಚೂರಿನಲ್ಲಿ ಕಟ್ಟಿಸುತ್ತಿದ್ದರು. ಎದುರಿಗೆ ಒಂದು ವಸ್ತು ಇಟ್ಟು ನೋಡಿ ಬಿಡಿಸಲು ಹೇಳುತ್ತಿದ್ದರು. ಬೌಹೌಸಿನ ಪಾಠವನ್ನೇ ಹಸಿದ ಮಕ್ಕಳಿಗೆ ಪೂರ್ತಿಯಾಗಿ ಕೊಟ್ಟರು. ಇವರಿಗೆ ಇಷ್ಟೆಲ್ಲ ಯಾಕೆ ಎಂದು ಕಡಿಮೆ ಮಾಡಲಿಲ್ಲ. ಪ್ರತಿ ಚಿತ್ರದ ಮೇಲೂ ಮಕ್ಕಳು ತಮ್ಮ ಹೆಸರು ಬರೆಯಬೇಕು. ಊರಿನಿಂದ ಹೊರಡಿಸುವಾಗ ಪ್ರತಿ ಮಗುವಿಗೂ ನಾಜಿಗಳು ಒಂದು ನಂಬರ್ ಕೊಟ್ಟಿದ್ದರು. ಈ ಟೀಚರ್ ಹೆಸರು ಬರೆಸಿದರು.

ಮಕ್ಕಳು ಏನು ಬಿಡಿಸಿದರು? ಜಾಸ್ತಿ ಪಾಲು ಮನೆ, ಊಟದ ಮೇಜು, ಹುಲ್ಲುಗಾವಲು, ಹೂವು, ಚಿಟ್ಟೆ. ಕೆಲವರು ತಾವಿದ್ದ ಅಟ್ಟಣಿಗೆಯ ಮಂಚಗಳನ್ನು, ಕಾವಲುಗಾರರನ್ನು ಬಿಡಿಸಿದರು. 1943ರಲ್ಲಿ ಫ್ರೀಡ್ಲ್ ಅಲ್ಲಿಯೇ, ಆ ಕೋಟೆಯೊಳಗೇ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ದೊಡ್ಡವರಿಗೆ ಮಕ್ಕಳ ಚಿತ್ರದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಮಕ್ಕಳನ್ನು ತಮ್ಮ ಹಾಗೆಯೇ ಮಾಡಲು ದೊಡ್ಡವರಿಗೆ ಯಾಕೆ ಇಷ್ಟು ಅವಸರ ಎಂಬುದು ಅಲ್ಲಿ ಅವರು ಎತ್ತಿದ ಪ್ರಶ್ನೆ. ನಾಳೆ ಬದುಕಿರುತ್ತೇವೋ ಇಲ್ಲವೋ ಎಂಬಲ್ಲಿ ಕೂಡ ಟೀಚರ್ ಟ್ರೈನಿಂಗ್ ಮಾಡಿದವರು ಅವರು.

1944ರ ಸೆಪ್ಟೆಂಬರ್ ಕೊನೆಗೆ ಪಾವೆಲ್‌ನನ್ನು ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಜ್‌ಗೆ ಸಾಗಿಸಿದರು. ಗಂಡನ ಹಿಂದೆ ತಾನೂ ಹೋಗುತ್ತೇನೆಂದು ಫ್ರೀಡ್ಲ್ ತಾವಾಗಿಯೇ ಹೆಸರು ಕೊಟ್ಟರು. ಅಕ್ಟೋಬರ್ 9ರಂದು ಅಲ್ಲಿ ಅವರ ಕೊಲೆಯಾಯಿತು. ಪಾವೆಲ್ ಬದುಕುಳಿದರು. ಹೋಗುವ ಮೊದಲು ಫ್ರೀಡ್ಲ್ ಮಕ್ಕಳ ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ಇಟ್ಟುಹೋಗಿದ್ದರು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಬಾಲಕಿಯರ ಆ ಮನೆಯನ್ನು ನೋಡಿಕೊಳ್ಳುತ್ತಿದ್ದ ವಿಲ್ಲಿ ಗ್ರೋಗ್ ಅವನ್ನು ಪ್ರಾಗಿಗೆ ತಂದರು. ಸುಮಾರು 4,500 ಚಿತ್ರಗಳು. ಈಗ ಪ್ರಾಗಿನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಬಿಡಿಸಿದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಇದನ್ನು ಹೇಳಿದಾಗ ಒಬ್ಬರು ನನ್ನನ್ನು ಕೇಳಿದ್ದರು, "ಮಕ್ಕಳು ಸತ್ತೇ ಹೋದ್ರಲ್ಲ ಟೀಚರ್, ಮತ್ತೆ ಚಿತ್ರದಿಂದ ಏನು ಪ್ರಯೋಜನ ಆಯ್ತು?" ಕೇಳಿದವರ ಮೇಲೆ ನನಗೆ ಬೇಸರ ಇಲ್ಲ. ನ್ಯಾಯವಾದ ಪ್ರಶ್ನೆ. ಬದುಕುಳಿದ ಕೆಲವು ಹುಡುಗಿಯರು ಮುಂದೆ ಅಜ್ಜಿಯರಾದ ಮೇಲೂ ಆ ಕ್ಲಾಸನ್ನು ನೆನೆದಿದ್ದಾರೆ. ಆ ಹೊತ್ತಿನಲ್ಲಿ ತಾವು ಕೈದಿಗಳು ಎಂಬುದು ಮರೆತುಹೋಗುತ್ತಿತ್ತು ಎಂದಿದ್ದಾರೆ. ನನಗೆ ಅಷ್ಟು ಸಾಕು. ಒಂದು ಮಗುವಿನ ಒಂದು ಗಂಟೆ ಚೆನ್ನಾಗಿ ಕಳೆದರೆ ಅದಕ್ಕೆ ಬೇರೆ ಲೆಕ್ಕ ಕೊಡಬೇಕಾಗಿಲ್ಲ. ಕಲಿಕೆಯನ್ನು ಮುಂದೆ ಸಿಗುವ ಫಲದಿಂದ ಮಾತ್ರ ಅಳೆಯುವ ಚಾಳಿ ನಮ್ಮ ಶಾಲೆಗಳಿಗೆ ಹಿಡಿದಿದೆ. ಎಸ್ಸೆಸ್ಸೆಲ್ಸಿಗೆ ಉಪಯೋಗ ಇಲ್ಲ ಅಂದರೆ ಆ ಪೀರಿಯಡ್ಡೇ ದಂಡ ಅನ್ನುತ್ತೇವೆ. ಮಗು ಇವತ್ತೂ ಬದುಕುತ್ತಾ ಇದೆ, ಅಲ್ವಾ?

ಈಗ ಈಡಿತ್ ಕ್ರೇಮರ್. 1916ರಲ್ಲಿ ಹುಟ್ಟಿದವರು. ಹದಿಹರೆಯದಿಂದಲೇ ಫ್ರೀಡ್ಲ್ ಹತ್ತಿರ ಕಲಿತರು, ಗುರುವಿನ ಹಿಂದೆ ಪ್ರಾಗಿಗೂ ಹೋದರು. 1938ರಲ್ಲಿ ನ್ಯೂಯಾರ್ಕ್ ಸೇರಿ ಜೀವ ಉಳಿಸಿಕೊಂಡರು. ಒಂದು ಶಾಲೆಯಲ್ಲಿ ಮಕ್ಕಳಿಗೆ ಶಿಲ್ಪ ಕಲಿಸಿದರು. ಯುದ್ಧದ ಕಾಲದಲ್ಲಿ ಮೆಷಿನ್ ಶಾಪಿನಲ್ಲಿ ಕೂಲಿ ಕೆಲಸ. ಶಿಫ್ಟ್ ಮುಗಿದ ಮೇಲೆ ಅಲ್ಲೇ ನಿಂತು ಕೆಲಸಗಾರರ ಚಿತ್ರ ಬಿಡಿಸುತ್ತಿದ್ದರಂತೆ. 1950ರ ಹೊತ್ತಿಗೆ ವಿಲ್ಟ್‌ವಿಕ್ ಎಂಬ ಹುಡುಗರ ವಸತಿಶಾಲೆಗೆ ಸೇರಿದರು. ಬಡತನ, ಹೊಡೆತ, ಕೋರ್ಟು ಕಚೇರಿ ನೋಡಿ ಬಂದ 8ರಿಂದ 12, 13 ವರ್ಷದ ಹುಡುಗರು. ಕೈಗೆ ಸಿಕ್ಕಿದ್ದನ್ನು ಮುರಿಯುವಷ್ಟು ಸಿಟ್ಟು. ಕ್ರೇಮರ್ ಅಲ್ಲಿ ಮಾಡಿದ್ದು ಡ್ರಾಯಿಂಗ್ ಕ್ಲಾಸು. ಅಲ್ಲಿದ್ದ ಮನೋವೈದ್ಯೆ ವಿಯೊಲಾ ಬರ್ನಾರ್ಡ್ ಅದನ್ನು ನೋಡಿ ಆಕೆಗೆ ಆರ್ಟ್ ಥೆರಪಿಸ್ಟ್ ಎಂಬ ಹುದ್ದೆಯ ಹೆಸರು ಕೊಟ್ಟರು. ಹೆಸರು ಆಮೇಲೆ ಬಂತು, ಕೆಲಸ ಮೊದಲೇ ನಡೆಯುತ್ತಿತ್ತು. ಆ ಅನುಭವವನ್ನೇ 1958ರಲ್ಲಿ ಪುಸ್ತಕವಾಗಿ ಬರೆದರು. ಮುಂದೆ ಕಣ್ಣು ಕಾಣದ ಮಕ್ಕಳ ಜೊತೆ, ಆಸ್ಪತ್ರೆಯ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆರ್ಟ್ ಥೆರಪಿಯ ಪದವಿ ಕೋರ್ಸ್ ಕಟ್ಟಿದವರಲ್ಲಿ ಒಬ್ಬರಾದರು. 80 ದಾಟಿದ ಮೇಲೂ ಕಲಿಸಿದರು. 2014ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು.

ಕ್ರೇಮರ್ ಹೇಳಿದ ಒಂದು ವಿಚಾರ ನನ್ನ ಇಡೀ ಕೆಲಸವನ್ನು ನಡೆಸುತ್ತಿದೆ. ಆರ್ಟ್ ಥೆರಪಿಸ್ಟಿಗೆ ಮೂರನೆಯ ಕೈ ಒಂದು ಇರಬೇಕು ಎನ್ನುತ್ತಾರೆ ಅವರು. ಮಗು ಮಾಡಹೊರಟದ್ದು ಕೆಟ್ಟುಹೋಗದಂತೆ ನೋಡಿಕೊಳ್ಳುವ ಕೈ. ಆದರೆ ಅದು ಮಗುವಿನ ಚಿತ್ರದೊಳಗೆ ನುಗ್ಗಬಾರದು, ತನ್ನ ರುಚಿಯನ್ನು ಹೇರಬಾರದು, ಅರ್ಥವನ್ನು ತಿರುಚಬಾರದು.

ಇದು ಹೇಗೆ ಅಂತ ನನ್ನ ಕ್ಲಾಸಿನದ್ದೇ ಹೇಳುತ್ತೇನೆ. ಚೌತಿ ಹತ್ತಿರ ಬಂದಾಗ ಮಣ್ಣಿನ ಕೆಲಸ ಮಾಡಿಸುತ್ತೇನೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ, ಯಾರ ಜೊತೆಯೂ ಮಾತಾಡುವವನಲ್ಲ, ಒಂದು ಆನೆ ಮಾಡುತ್ತಿದ್ದ. ಹೊಟ್ಟೆ ದೊಡ್ಡದು, ಕಾಲು ಸಪೂರ. ನಿಲ್ಲಿಸಿದ ಕೂಡಲೇ ಮುಂದಿನ ಕಾಲು ಮುರಿದು ಆನೆ ಮಗುಚಿತು. ಅವನ ಮುಖ ಕೆಂಪಾಯಿತು. ಇನ್ನೇನು ಮುಷ್ಟಿಯಲ್ಲಿ ಜಜ್ಜಬೇಕು, ಅಷ್ಟರಲ್ಲಿ ನಾನು ಆನೆಯ ಹೊಟ್ಟೆಯ ಅಡಿಗೆ ಒಂದು ಮಣ್ಣಿನ ಉಂಡೆ ಇಟ್ಟೆ. ಆನೆ ಅದರ ಮೇಲೆ ಕೂತಿತು. ಮುರಿದ ಕಾಲಿನ ತುದಿಯನ್ನು ಕಡ್ಡಿಯಿಂದ ಗೀರಿ, ನೀರು ಮಣ್ಣು ಕಲಸಿದ ಅಂಟು ಹಚ್ಚಿ ಅವನ ಕೈಗೇ ಕೊಟ್ಟೆ. "ಒತ್ತು, ಒಂದು ನಿಮಿಷ ಹಿಡ್ಕೊ" ಅಂದೆ. ಅಷ್ಟೇ. ಕಾಲು ದಪ್ಪ ಮಾಡು ಅಂತ ಹೇಳಲಿಲ್ಲ. ಅವನೇ ಸ್ವಲ್ಪ ಹೊತ್ತು ನೋಡಿದ. ಉಂಡೆಯನ್ನು ತೆಗೆಯದೆ ಅದಕ್ಕೇ ಕಣ್ಣು ಬಾಯಿ ಮಾಡಿ ಮರಿ ಆನೆ ಮಾಡಿದ. ತಾಯಿ ಹೊಟ್ಟೆಯ ಅಡಿಯಲ್ಲಿ ಮರಿ. ಆ ಹುಡುಗನ ಮನೆಯ ಕಥೆ ನನಗೆ ಗೊತ್ತಿತ್ತು. ಇಲ್ಲಿ ಬರೆಯುವುದಿಲ್ಲ. ನಾನು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ. ಆನೆ ನಿಂತಿತು.

ಕ್ಲಾಸಿನಲ್ಲಿ ನಲವತ್ತೈದು ಮಕ್ಕಳಿದ್ದು, ಪೀರಿಯಡ್ ವಾರಕ್ಕೊಂದೇ ಆದರೆ ಮೂರನೆಯ ಕೈಗೆ ಎಲ್ಲಿ ಪುರುಸೊತ್ತು? ನನ್ನ ಹೋರಾಟ ಇಲ್ಲೇ ಇರುವುದು.

ಫ್ರೀಡ್ಲ್, ಕ್ರೇಮರ್ ಇಬ್ಬರೇ ಅಲ್ಲ. ಅಮೆರಿಕದ ಮಾರ್ಗರೆಟ್ ನಾಮ್‌ಬರ್ಗ್ 1914ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಹೊಸ ಬಗೆಯ ಶಾಲೆ ತೆರೆದರು. 1940ರ ದಶಕದಲ್ಲಷ್ಟೇ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕೆಲಸ ಶುರುಮಾಡಿದರು. ಇಂಗ್ಲೆಂಡಿನ ಏಡ್ರಿಯನ್ ಹಿಲ್ ಕಲಾವಿದ, ಚಿತ್ರದ ಮೇಷ್ಟ್ರು. 1938ರಲ್ಲಿ ಕ್ಷಯ ಬಂದು ಸ್ಯಾನಿಟೋರಿಯಂ ಸೇರಿದವರು, ಮಲಗಿದಲ್ಲೇ ಚಿತ್ರ ಬಿಡಿಸುತ್ತಾ ಪಕ್ಕದ ರೋಗಿಗಳಿಗೂ ಕಲಿಸಿದರು. ನಾಮ್‌ಬರ್ಗ್ ರೋಗಿಯೇ ತನ್ನ ಚಿತ್ರದ ಬಗ್ಗೆ ಮಾತಾಡಬೇಕು, ಅದರಿಂದ ಒಳಗಿನದ್ದು ಹೊರಗೆ ಬರಬೇಕು ಎಂದರು. ಕ್ರೇಮರ್ ಬಿಡಿಸುವ ಕೆಲಸದಲ್ಲೇ ಗುಣ ಇದೆ ಎಂದರು. ನನ್ನ ಒಲವು ಕ್ರೇಮರ್ ಕಡೆಗೆ. ಕಪ್ಪು ಬಣ್ಣ ಹಾಕಿದರೆ ದುಃಖ, ಕಿಟಕಿ ಇಲ್ಲದ ಮನೆ ಬಿಡಿಸಿದರೆ ಭಯ ಅಂತ ಪಟ್ಟಿ ಹಿಡಿದು ಮಕ್ಕಳ ಚಿತ್ರ ಓದುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎಷ್ಟೋ ಸಲ ಆ ಡಬ್ಬಿಯಲ್ಲಿ ಉಳಿದಿರುವುದೇ ಕಪ್ಪು ಬಣ್ಣ.

ದೊಡ್ಡವರ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಕಲಿಕೆ ಅಂದರೆ ಮಕ್ಕಳದ್ದು ಅಂತ ತೀರ್ಮಾನ ಆಗಿಬಿಟ್ಟಿದೆ. ನಮ್ಮೂರಿನ ಸ್ವಸಹಾಯ ಸಂಘದ ಕೆಲವು ಹೆಂಗಸರಿಗೆ ಭಾನುವಾರ ಮಧ್ಯಾಹ್ನ ಅಕ್ಷರ ಹೇಳಿಕೊಡುತ್ತೇವೆ. ಹೆಚ್ಚಿನವರು ಬೀಡಿ ಕಟ್ಟುವವರು. ಅದರಲ್ಲಿ ಒಬ್ಬರು, ಅರವತ್ತು ದಾಟಿದವರು, ಪೆನ್ಸಿಲ್ ಹಿಡಿದರೆ ಕಾಗದ ತೂತಾಗುತ್ತಿತ್ತು. ಅಷ್ಟು ಒತ್ತಿ ಹಿಡಿಯುತ್ತಿದ್ದರು. "ನಂಗೆ ಕೈ ಬಗ್ಗುದಿಲ್ಲ ಟೀಚರೇ, ನನ್ನನ್ನು ಬಿಟ್ಟುಬಿಡಿ" ಅನ್ನುತ್ತಿದ್ದರು. ದಿನಕ್ಕೆ ನೂರಾರು ಬೀಡಿ ಸುರುಟುವ ಕೈ ಅದು! ಒಂದು ವಾರ ಪೆನ್ಸಿಲ್ ತೆಗೆದಿಟ್ಟು ಹಳೇ ಮದುವೆ ಕಾಗದಗಳನ್ನೂ ಕತ್ತರಿಯನ್ನೂ ಕೊಟ್ಟೆ. ಕತ್ತರಿ ಕೈಗೆ ಬಂದದ್ದೇ ಅವರ ಕೂರುವ ರೀತಿ ಬದಲಾಯಿತು. ಮೊಣಕಾಲು ಮಡಚಿ, ತೊಡೆಯ ಮೇಲೆ ಮೊರ ಇರುವವರ ಹಾಗೆ ಕೂತರು. ಅಳತೆ ಇಲ್ಲ, ಗೆರೆ ಇಲ್ಲ. ಕತ್ತರಿಸಿದ ತುಂಡುಗಳೆಲ್ಲ ಒಂದೇ ಗಾತ್ರ, ಬೀಡಿ ಎಲೆಯ ಗಾತ್ರ.

ಆ ತುಂಡುಗಳನ್ನು ಜೋಡಿಸಿ ಅವರು ಬೀಡಿ ಬ್ರಾಂಚ್, ಅಂದರೆ ಕಟ್ಟಿದ ಬೀಡಿ ಕೊಂಡುಹೋಗಿ ಕೊಡುವ ಜಾಗ, ಮಾಡಿದರು. ಮೇಜು, ಮೇಜಿನ ಆಚೆ ಒಬ್ಬ ದೊಡ್ಡ ಮನುಷ್ಯ, ಈಚೆ ಸಣ್ಣಗೆ ಸಾಲು ನಿಂತ ಹೆಂಗಸರು. ಮೇಜಿನ ಬದಿಗೆ ಸುಮಾರು ಚೂರುಗಳನ್ನು ರಾಶಿ ಹಾಕಿದರು. "ಅದೆಂತ ಅಕ್ಕ?" ಅಂತ ಪಕ್ಕದವರು ಕೇಳಿದರು. ಸರಿ ಇಲ್ಲ ಅಂತ ಅವನು ಬದಿಗೆ ಹಾಕಿದ ಬೀಡಿಗಳು ಎಂದರು. ಅಷ್ಟು ಹೇಳಿದ್ದೇ ತಡ, ಕೋಣೆಯಲ್ಲಿದ್ದ ಎಲ್ಲರೂ ಮಾತಿಗೆ ಶುರುಮಾಡಿದರು. ಯಾರದು ಎಷ್ಟು ಬದಿಗೆ ಹೋಗಿತ್ತು, ಯಾವ ವರ್ಷ ಕಂಪೆನಿ ಎಲೆ ಕಡಿಮೆ ಕೊಟ್ಟಿತ್ತು, ಮನೆಯ ಕರೆಂಟ್ ಬಿಲ್ಲು, ಮಗಳ ಫೀಸು. ಮಾತು ನಿಂತ ಮೇಲೆ ಆ ಅಕ್ಕ ನನ್ನ ಕಡೆ ತಿರುಗಿ, "ಇದರ ಅಡಿಯಲ್ಲಿ ಬೀಡಿ ಅಂತ ಬರೆಯುದು ಹೇಗೆ, ತೋರಿಸಿ ಟೀಚರೇ" ಅಂದರು. ತಾವಾಗಿಯೇ ಒಂದು ಅಕ್ಷರ ಬೇಕು ಅಂತ ಅವರು ಕೇಳಿದ್ದು ಅದೇ ಮೊದಲು.

ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಇದನ್ನು ಯಾವಾಗಲೋ ಕಂಡುಕೊಂಡಿದ್ದರು. 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಅವರ ತಂಡ ಸುಮಾರು 300 ಕೂಲಿಕಾರರಿಗೆ ಅಕ್ಷರ ಕಲಿಸಿತು. ನೇರವಾಗಿ ಅಕ್ಷರಮಾಲೆಗೆ ಹೋಗುತ್ತಿರಲಿಲ್ಲ. ಮೊದಲು ಒಂದು ಚಿತ್ರ ತೋರಿಸುತ್ತಿದ್ದರು, ಅವರದ್ದೇ ಬದುಕಿನ ಚಿತ್ರ. ಅದರ ಬಗ್ಗೆ ಎಲ್ಲರೂ ಮಾತಾಡಬೇಕು. ಆ ಮಾತಿನಿಂದಲೇ ಕಲಿಯುವ ಪದ ಹುಟ್ಟಬೇಕು. ನಮ್ಮ ವಯಸ್ಕರ ಶಿಕ್ಷಣದಲ್ಲಿ ಚಿತ್ರ ಅಂದರೆ ಪುಸ್ತಕದಲ್ಲಿ ಅಚ್ಚಾದ ಅಗಸ, ಆನೆ. ಕಲಿಯುವವರ ಕೈಗೆ ಬಣ್ಣ, ಕತ್ತರಿ ಕೊಡುವುದು ತೀರಾ ಕಮ್ಮಿ. ದೊಡ್ಡವರಿಗೆ ಇದೆಲ್ಲ ಮಕ್ಕಳಾಟ ಅನ್ನಿಸೀತು ಎಂದು ನಾವೇ ಹೆದರುತ್ತೇವೆ.

ನಮ್ಮ ಪುತ್ತೂರಿಗೆ ಇದು ಹೊಸದೇನೂ ಆಗಬಾರದಿತ್ತು. ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳಿಗೆ ನಾಟಕ, ಕುಣಿತ, ಆಟಗಳ ಮೂಲಕ ಕಲಿಸಿದ ಊರು ಇದು. ಮೈಯಿಂದ, ಕೈಯಿಂದ ಕಲಿಯುವುದೂ ಕಲಿಕೆಯೇ ಎಂದು ಅವರು ಇಲ್ಲಿಯೇ ಮಾಡಿ ತೋರಿಸಿದ್ದರು.

ವಾರಾಂತ್ಯದ ಕೋರ್ಸುಗಳ ಬಗ್ಗೆ ಒಂದು ಮಾತು. ಅಲ್ಲಿ ಹೋಗಿ ಬಣ್ಣ ಆಡಿ ಹಗುರಾಗಿ ಬಂದರೆ ಸಂತೋಷ, ಖಂಡಿತ ಹೋಗಿ. ಆದರೆ ಎರಡು ದಿನದ ಸರ್ಟಿಫಿಕೇಟ್ ಹಿಡಿದು ನೊಂದ ಮಗುವಿಗೆ ಚಿಕಿತ್ಸೆ ಕೊಡಲು ಕೂತರೆ ಅದು ಅಪಾಯ. ಕ್ರೇಮರ್ ಮನೋವೈದ್ಯರ ಜೊತೆ, ಅವರ ಸಲಹೆ ಪಡೆದು, ಒಂದೇ ಶಾಲೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಮಗು ಊಟ ಬಿಟ್ಟಿದೆ, ನಿದ್ದೆ ಬಿಟ್ಟಿದೆ, ತನಗೇ ಗಾಯ ಮಾಡಿಕೊಳ್ಳುತ್ತಿದೆ ಅಂದರೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಡ್ರಾಯಿಂಗ್ ಟೀಚರ್ ಮಾಡಬಹುದಾದ್ದು ಬೇರೆ. ಅದು ಪ್ರತಿ ಮಗುವಿಗೂ ಬೇಕು, ಕಾಯಿಲೆ ಬರುವ ತನಕ ಕಾಯಬೇಕಾಗಿಲ್ಲ.

ಇದನ್ನು ಕಾನೂನೂ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿರುವ ಶಾಲೆಗೆ ಕಲೆಗೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಅರೆಕಾಲಿಕ ಸಾಲದು ಅಂತ ನನ್ನ ವಾದ. ಕನಿಷ್ಠ ಅದಾದರೂ ನಿಮ್ಮ ಶಾಲೆಯಲ್ಲಿ ಉಂಟಾ?

ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನೇ ಕೇಳಿ. ವಾರಕ್ಕೆ ಎಷ್ಟು ಡ್ರಾಯಿಂಗ್ ಪೀರಿಯಡ್, ಅದರಲ್ಲಿ ನಿಜವಾಗಿ ಎಷ್ಟು ನಡೆಯುತ್ತದೆ, ಯಾರು ಮಾಡುತ್ತಾರೆ, ಬರೆಸಿಕೊಳ್ಳಿ. ಆಫೀಸಿನಲ್ಲಿ ಕೆಲಸ ಮಾಡುವವರು ಒಂದು ಬದಿ ಖಾಲಿ ಇರುವ ಕಾಗದಗಳನ್ನು ಎಸೆಯಬೇಡಿ, ಹತ್ತಿರದ ಶಾಲೆಗೆ ಕೊಡಿ. ಪುತ್ತೂರು, ಬಂಟ್ವಾಳ, ಸುಳ್ಯ, ಬೆಳ್ತಂಗಡಿ ಕಡೆಯ ಟೀಚರುಗಳು, ಅಂಗನವಾಡಿಯವರು, ಸಂಘದ ಅಕ್ಕಂದಿರು ಯಾರಿಗಾದರೂ ಕೊಲಾಜ್, ಮಣ್ಣಿನ ಕೆಲಸ ಹೇಗೆ ಶುರುಮಾಡುವುದು ಅಂತ ನೋಡಬೇಕಿದ್ದರೆ ಮೆಸೇಜ್ ಹಾಕಿ. ರಜೆಯ ದಿನ ಬರುತ್ತೇನೆ. ದುಡ್ಡು ಬೇಡ. ಕತ್ತರಿ ಮಾತ್ರ ಹರಿತ ಇರುವುದು ತನ್ನಿ.